ನೀರಿನೊಳಗಣ ಹೆಣ್ಣು

ಬಸವಾಪಟ್ಟಣದ ಗುಡ್ಡದ ಕೋಟೆಯನ್ನು ನೋಡಿದ ಪ್ರವಾಸಿ ಸೂಳೆಕೆರೆಯನ್ನು ನೋಡದೆ ಹಿಂದಿರುಗಲಾರ. ಚನ್ನಗಿರಿ ತಾಲ್ಲೂಕಿನ ಈ ಕೆರೆಯ ಏರಿ ಎರಡು ಗುಡ್ಡಗಳ ನಡುವಣ ಕಂಡಿಯಲ್ಲಿ ಹರಿದ್ರಾ ಹೊಳೆಯನ್ನು ತಡೆದು ನಿಂತಿದೆ. ಏರಿ ಅಷ್ಟೇನೂ ಉದ್ದವಿಲ್ಲ. ಅದು ಹಿಡಿದಿರುವ ನೀರಿಗೆ ಮಾತ್ರ ಎರಡು ಕಣ್ಣು ಸಾಲವು.

ಆ ನೀರಿನಡಿಯಲ್ಲಿ ಸ್ವರ್ಗಾವತಿಯೆಂಬ ಪಟ್ಟಣವಿದೆಯೆಂದು ಐತಿಹ್ಯ. ಅಲ್ಲಿಯ ಅರಸು ವಿಕ್ರಮರಾಯನ ಮಗಳು ಶಾಂತವ್ವೆ, ತಂದೆ ಹೊರಿಸಿದ ಕಳಂಕವನ್ನು ಕಳೆದುಕೊಳ್ಳಲು ಕೆರೆ ಕಟ್ಟಿಸಹೊರಟಳಂತೆ. ಗೊತ್ತುಮಾಡಿದ ನೆಲದಲ್ಲಿ ಸೂಳೆಯರ ಕೇರಿಯಿತ್ತು. ಅವರು ಹೊನ್ನು ಬೇಡಲಿಲ್ಲ. ಕೆರೆಗೆ ತಮ್ಮ ಹೆಸರಿರಬೇಕೆಂದರು. ಮನೆಗಳು ಮುಳುಗಿದವು, ಹೆಸರು ತೇಲಿತು.

ನೀರು ಸೇರಿದ ಹೆಣ್ಣಿನ ಕಥೆ ಜಪಾನಿನಲ್ಲಿಯೂ ಉಂಟು. ಹತ್ತು ತಟ್ಟೆಗಳಲ್ಲಿ ಒಂದು ಕಾಣೆಯಾಯಿತೆಂದು ಒಡೆಯನ ಕೋಪಕ್ಕೆ ಗುರಿಯಾಗಿ ಬಾವಿಯಲ್ಲಿ ಸತ್ತ ಆಳುಹುಡುಗಿ ಓಕಿಕು, ರಾತ್ರಿಯಾದರೆ ಒಂದರಿಂದ ಒಂಬತ್ತರವರೆಗೆ ಎಣಿಸಿ ಅಳುತ್ತಾಳೆಂದು ಅಲ್ಲಿಯ ಜನ ಹೇಳುತ್ತಾರೆ. ಚಿತ್ರಕಾರ ಹೊಕುಸಾಯ್ 1831-32ರ ಸುಮಾರಿಗೆ ಇದನ್ನು ಮರದಚ್ಚಿನ ಚಿತ್ರವಾಗಿಸಿದ. ಕನಸಿನಲ್ಲಿ ಒಂದು ವಸ್ತು ಹೇಳದೆ ಕೇಳದೆ ಇನ್ನೊಂದಾಗುವಂತೆ, ಬಾವಿಯಿಂದ ಮೇಲೇಳುವ ಅವಳ ನೀಳವಾದ ಕೊರಳೇ ಪೋಣಿಸಿದ ತಟ್ಟೆಗಳ ಸಾಲಾಗಿದೆ! ಕಪ್ಪು ಕೂದಲು ಆ ತಟ್ಟೆಗಳ ಉದ್ದಕ್ಕೂ ಇಳಿದಿದೆ; ಬಾಯಿಂದ ತೆಳುವಾದ ಹೊಗೆಯೊಂದು ಹೊರಟಿದೆ. ಭೂತದ ಚಿತ್ರವೆಂದು ಅಂಜಿಕೊಂಡು ನೋಡಿದವರಿಗೆ ಅಂಜಿಕೆ ಬೇಗನೆ ಕಳೆದು, ಅವಳ ದಣಿದ ಮುಖವಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಯಾವ ಅಪವಾದದಿಂದ ಸತ್ತಳೋ ಅದನ್ನೇ ಮೈಯಾಗಿ ತಾಳಿದ್ದಾಳೆ. ಚಿತ್ರಕಾರ ಅದನ್ನು ಒರೆಸಿ ಅವಳನ್ನು ಚೆಲುವೆಯಾಗಿಸಲಿಲ್ಲ. ಅವನ ದೊಡ್ಡತನವಿರುವುದು ಅಲ್ಲಿಯೇ.

ಆ ಚಿತ್ರವನ್ನು ಬಲ್ಲವನು ಸೂಳೆಕೆರೆಯ ಏರಿಯ ಮೇಲೆ ನಿಂತಾಗ ಅಂಥದೇ ಒಂದು ರೂಪವನ್ನು ನೀರಿನಲ್ಲಿ ಹುಡುಕದಿರಲಾರ. ಮುಳುಗಿದ ಬೀದಿ, ಬಾಗಿಲಲ್ಲಿ ಇನ್ನೂ ನಿಂತಿರುವ ಹೆಂಗಸರು, ಅವರ ತಲೆಯ ಮೇಲೆ ಈಜುವ ಮೀನು—ಅಚ್ಚಿನ ಹಲಗೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ?

ಸಭ್ಯರ ನಾಲಗೆಗೆ ಕೆರೆಯ ಹೆಸರು ಒಗ್ಗದೆ ‘ಶಾಂತಿಸಾಗರ’ವೆಂಬುದೂ ಬಳಕೆಗೆ ಬಂದಿದೆ. ಇಂಪಾದ ಹೆಸರು, ಸಂದೇಹವಿಲ್ಲ. ಆದರೆ ಕಥೆಯ ಹೆಂಗಸರು ಮನೆಮಠವನ್ನು ಕೊಟ್ಟು ಪಡೆದ ಕ್ರಯ ಅದಲ್ಲ. ಸುತ್ತಣ ಹಳ್ಳಿಗರಿಗೆ ಈ ಮುಜುಗರವಿಲ್ಲ. ಅವರ ಬಾಯಲ್ಲಿ ಅದು ಇಂದಿಗೂ ಸೂಳೆಕೆರೆಯೇ. ಗದ್ದೆಗೆ ಬರುವುದೂ ಸೂಳೆಕೆರೆಯ ನೀರೇ.