ರೂಟ್‌ಬರ್ನ್ ಹಾದಿಯಲ್ಲಿ ಒಂದು ದಿನ

ಕ್ವೀನ್ಸ್‌ಟೌನಿನ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವ ನನಗೂ ಕುಂದಾಪುರದ ನನ್ನ ಗೆಳೆಯನಿಗೂ ಒಂದೇ ದಿನ ರಜೆ ಸಿಗುವುದು ಅಪರೂಪ. ಹೋದ ಜನವರಿಯಲ್ಲಿ ಸಿಕ್ತು. ಬೆಳಿಗ್ಗೆ ಐದಕ್ಕೇ ಎದ್ದು ಚಿತ್ರಾನ್ನ ಕಟ್ಟಿಕೊಂಡು, ಅವನ ಹಳೇ ಕಾರಿನಲ್ಲಿ ವಾಕಟಿಪು ಸರೋವರದ ದಡ ಹಿಡಿದು ಹೊರಟೆವು. ಸುಮಾರು 45 ಕಿ.ಮೀ. ಹೋದರೆ ಗ್ಲೆನಾರ್ಕಿ ಅನ್ನುವ ಪುಟ್ಟ ಊರು. ಅದನ್ನು ದಾಟಿದ ಮೇಲೆ ಫೋನಿನಲ್ಲಿ ಸಿಗ್ನಲ್ ಇಲ್ಲ. ಅಲ್ಲಿಂದ ಮುಂದೆ ರೂಟ್‌ಬರ್ನ್ ಕಾಲುದಾರಿ ಶುರು.

ಈ ದಾರಿ ಒಟ್ಟು 32 ಕಿ.ಮೀ. ಆಸುಪಾಸು. ಪೂರ್ತಿ ನಡೆಯೋಕೆ ಎರಡು ಮೂರು ದಿನ ಬೇಕು. ನಾವು ರೂಟ್‌ಬರ್ನ್ ಜಲಪಾತದ ಹತ್ತಿರದ ಗುಡಿಸಿಲಿನವರೆಗೆ ಹೋಗಿ ಸಂಜೆಗೆ ವಾಪಸಾಗುವುದು ಅಂತ ಲೆಕ್ಕ ಹಾಕಿದ್ದೆವು. ದಾರಿಯುದ್ದಕ್ಕೂ ಪಾಚಿ ಹೊದ್ದ ಬೀಚ್ ಮರಗಳು. ಕೆಳಗೆ ಹೊಳೆ, ನೀರು ಎಷ್ಟು ತಿಳಿ ಅಂದ್ರೆ ತಳದ ಕಲ್ಲು ಎಣಿಸಬಹುದು. ಆಗುಂಬೆ ಕಾಡು ನೆನಪಾಯ್ತು. ಜಿಗಣೆ ಇಲ್ಲ, ಅದರ ಬದಲು ಸ್ಯಾಂಡ್‌ಫ್ಲೈ ಅನ್ನುವ ಸಣ್ಣ ನೊಣ ಕೂತಲ್ಲೆಲ್ಲ ಕಚ್ಚುತ್ತೆ.

ಮಧ್ಯಾಹ್ನ ಗುಡಿಸಿಲು ತಲುಪಿದೆವು. ಗುಡಿಸಿಲು ಅಂತ ನಾನು ಹೇಳ್ತಿರೋದು ಸರ್ಕಾರದ ಅರಣ್ಯ ಸಂರಕ್ಷಣಾ ಇಲಾಖೆ ನಡೆಸುವ ತಂಗುಮನೆಗೆ. ಇಂಥ ಮನೆಗಳಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಹೆಸರು, ಬಂದ ದಿನ, ಮುಂದೆ ಹೋಗುವ ದಾರಿ ಬರೆಯಬೇಕು. ಗೆಳೆಯ "ನಾವೇನು ಇಲ್ಲಿ ಉಳೀತೀವಾ? ಬಿಡೋ ಮಾರಾಯ" ಅಂದ. ನಾನು ಬರೆದೆ. ಬರೆಯೋಕೆ ಕಾರಣ ಇತ್ತು.

ಆ ಗುಡಿಸಿಲಿನಿಂದ ಮುಂದೆ ದಾರಿ ಹ್ಯಾರಿಸ್ ಸ್ಯಾಡಲ್ ಅನ್ನುವ ಕಣಿವೆಗೆ ಏರುತ್ತೆ. ಎತ್ತರ 1255 ಮೀಟರ್. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್ ಇದೆ, ಅದಕ್ಕೆ ಹೋಲಿಸಿದರೆ ಇದು ತಗ್ಗೇ. ಆದರೆ ನಮ್ಮೂರಲ್ಲಿ ಆಷಾಢದ ಮಳೆ ಹೊಯ್ಯುವಾಗ ಇಲ್ಲಿ ನಡುಚಳಿಗಾಲ. ದಾರಿ ಹಿಮದಲ್ಲಿ ಮುಚ್ಚಿಹೋಗುತ್ತೆ, ಮೇಲಿಂದ ಹಿಮ ಕುಸಿಯುತ್ತೆ. 2016ರ ಜುಲೈ ಕೊನೆಯಲ್ಲಿ ಜೆಕ್ ದೇಶದ ಇಬ್ಬರು ಯುವ ಪ್ರವಾಸಿಗಳು, ಒಂದು ಜೋಡಿ, ಇದೇ ದಾರಿ ಹಿಡಿದರು. ಎಲ್ಲಿಗೆ ಹೋಗ್ತೀವಿ, ಯಾವತ್ತು ಬರ್ತೀವಿ ಅಂತ ಯಾರಿಗೂ ಹೇಳಿರಲಿಲ್ಲ. ಆತ ಜಾರಿ ಬಿದ್ದು ತೀರಿಕೊಂಡ. ಆಕೆ ಮೂರು ರಾತ್ರಿ ಹಿಮದಲ್ಲೇ ಕಳೆದು, ಕಣಿವೆಯಾಚೆಯ ಮೆಕೆಂಜಿ ಸರೋವರದ ಹತ್ತಿರ ಇಲಾಖೆಯ ಸಿಬ್ಬಂದಿ ಉಳಿಯುವ ಮನೆ ಸೇರಿದಳು. ಚಳಿಗಾಲವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಕಿಟಕಿ ಒಡೆದು ಒಳಗೆ ಹೋದಳು. ಊಟದ ಸಾಮಾನು, ಸೌದೆ ಇತ್ತು. ರೇಡಿಯೋ ಇತ್ತು, ಅದು ಕೈಹಿಡಿಯಲಿಲ್ಲ. ಹೊರಗೆ ಹಿಮದ ಮೇಲೆ ಬೂದಿಯಿಂದ ದೊಡ್ಡ ಇಂಗ್ಲಿಷ್ ಅಕ್ಷರ ಬರೆದು, ಯಾರಾದರೂ ನೋಡಲಿ ಅಂತ ಕಾದಳು. ಹತ್ತಿರ ಹತ್ತಿರ ಒಂದು ತಿಂಗಳು.

ಅಷ್ಟು ದಿನ ಯಾರೂ ಯಾಕೆ ಹುಡುಕಲಿಲ್ಲ? ಅವರು ಕಾಣೆಯಾಗಿದ್ದಾರೆ ಅನ್ನೋದೇ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭೂಮಿಯ ಆ ತುದಿಯಲ್ಲಿ, ಊರಿನವರಿಗೆ ಸುದ್ದಿ ಬರದೇ ಅನುಮಾನ ಬಂತು. ಆ ಮಾತು ನ್ಯೂಜಿಲೆಂಡಿನಲ್ಲಿದ್ದ ಜೆಕ್ ಕಾನ್ಸುಲ್ ಕಿವಿಗೆ ಬಿದ್ದು, ಆಗಸ್ಟ್ 24ರಂದು ಅವರು ಪೊಲೀಸರಿಗೆ ತಿಳಿಸಿದರು. ಪೊಲೀಸರು ದಾರಿ ಶುರುವಾಗುವಲ್ಲಿ ನಿಂತಿದ್ದ ಅವರ ಕಾರು ಪತ್ತೆ ಮಾಡಿದರು. ಹೆಲಿಕಾಪ್ಟರ್ ಹೋಯ್ತು. ಅದೇ ದಿನ ಆಕೆ ಜೀವಂತ ಸಿಕ್ಕಳು. ಒಂದು ತಿಂಗಳು ಆಗದ ಕೆಲಸ ಒಂದು ದಿನದಲ್ಲಿ ಆಯ್ತು. ಆಮೇಲೆ ಆಕೆಯೇ ತಮ್ಮ ತಪ್ಪು ಹೇಳಿಕೊಂಡಳು: ಯಾರಿಗೂ ಹೇಳದೆ ಹೊರಟದ್ದು, ಬೀಕನ್ ಒಯ್ಯದಿದ್ದದ್ದು, ಇಲ್ಲಿನ ಚಳಿಗಾಲವನ್ನು ಹಗುರವಾಗಿ ತಗೊಂಡದ್ದು.

ಈ ಕಥೆ ಕೇಳಿದಾಗ ನನಗೆ ಬೆವರು ಬಂತು. ಯಾಕಂದ್ರೆ ಅದಕ್ಕೂ ಹಿಂದಿನ ವರ್ಷ ನಾನು ಮನೆ ಬದಲಾಯಿಸಿದ್ದೆ, ಸಿಮ್ಮೂ ಬದಲಾಯಿಸಿದ್ದೆ. ಕೆಲಸದ ಗಡಿಬಿಡಿಯಲ್ಲಿ ಐದು ದಿನ ಹಾಸನಕ್ಕೆ ಫೋನ್ ಮಾಡಲಿಲ್ಲ. ಅಣ್ಣ ಪೊಲೀಸ್ ಸ್ಟೇಷನ್ನಿಗೇ ಹೋಗಿದ್ದ. ಅಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆಗಳೇ: ಪಾಸ್‌ಪೋರ್ಟ್ ನಂಬರ್ ಎಷ್ಟು? ಯಾವ ಊರು? ಯಾರ ಹತ್ರ ಕೆಲಸ? ಜೊತೆಗಿರೋರು ಯಾರು? ಅಣ್ಣನ ಹತ್ರ ಇದ್ದ ಉತ್ತರ ಒಂದೇ, "ನ್ಯೂಜಿಲೆಂಡ್ ಸಾರ್". ಕೊನೆಗೆ ನಾನೇ ಫೋನ್ ಮಾಡಿದಾಗ ಅಮ್ಮ ಬೈಯಲಿಲ್ಲ. "ನಿನ್ನ ಎಲ್ಲಿ ಅಂತ ಹುಡುಕ್ಬೇಕಿತ್ತು ಮಗಾ, ಯಾರ್ನ ಕೇಳ್ಬೇಕಿತ್ತು?" ಅಂದ್ರು. ಬೈದಿದ್ದರೇ ಚೆನ್ನಾಗಿತ್ತು.

ಹುಡುಕುವ ವ್ಯವಸ್ಥೆ ಇಲ್ಲ ಅಂತ ಅಲ್ಲ. ಬೇಕಾದಷ್ಟಿದೆ. ಇಲ್ಲಿ ಯಾರಾದರೂ ಕಾಣದಿದ್ದರೆ 24 ಗಂಟೆ ಕಾಯಬೇಕಿಲ್ಲ, ಅನುಮಾನ ಬಂದ ಕೂಡಲೇ ಪೊಲೀಸರಿಗೆ ಹೇಳಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ 111. ಬೆಟ್ಟಕ್ಕೆ ಪೊಲೀಸರ ಜೊತೆ ಹೋಗುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಊರಿನ ಕಡೆಯಿಂದ ಮನೆಯವರು ವೆಲಿಂಗ್ಟನ್ನಿನ ಭಾರತೀಯ ಹೈಕಮಿಷನ್ನಿಗೆ ಬರೆಯಬಹುದು, ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಪರದೇಶದಲ್ಲಿರುವ ತನ್ನ ಪ್ರಜೆಗೆ ನೆರವಾಗುವುದು ರಾಯಭಾರ ಕಚೇರಿಯ ಕೆಲಸ ಅಂತ 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಕಾಣೆಯಾದವರು ಯಾವ ದೇಶದಲ್ಲಿದ್ದಾರೆ ಅನ್ನೋದೇ ತಿಳಿಯದಿದ್ದರೆ ಇಂಟರ್‌ಪೋಲ್ 'ಹಳದಿ ನೋಟಿಸ್' ಹೊರಡಿಸಿ 196 ಸದಸ್ಯ ದೇಶಗಳ ಪೊಲೀಸರಿಗೆ ತಿಳಿಸುತ್ತೆ. ನಮ್ಮ ದೇಶದಿಂದ ಆ ಕೋರಿಕೆ ಹೋಗುವುದು ಸಿಬಿಐ ಮೂಲಕ.

ಬೀಕನ್ ಅಂದ್ರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. ಅಪಾಯದಲ್ಲಿ ಗುಂಡಿ ಒತ್ತಿದರೆ ಉಪಗ್ರಹಕ್ಕೆ ಕರೆ ಹೋಗುತ್ತೆ, ಅಲ್ಲಿಂದ ಇಲ್ಲಿನ ರಕ್ಷಣಾ ಸಮನ್ವಯ ಕೇಂದ್ರಕ್ಕೆ. ಆ ಕೇಂದ್ರ ನೋಡಿಕೊಳ್ಳುವ ಪ್ರದೇಶ 3 ಕೋಟಿ ಚದರ ಕಿ.ಮೀ., ಅಂದ್ರೆ ಭಾರತದ ಒಂಬತ್ತು ಪಟ್ಟು, ಹೆಚ್ಚಿನದು ಸಮುದ್ರ. ಈ ಉಪಗ್ರಹ ವ್ಯವಸ್ಥೆಗೆ ಅಮೆರಿಕ, ಕೆನಡಾ, ಫ್ರಾನ್ಸ್, ಸೋವಿಯತ್ ಒಕ್ಕೂಟ ಸೇರಿ 1979ರಲ್ಲಿ ಸಹಿ ಹಾಕಿದವು. ಒಬ್ಬರನ್ನೊಬ್ಬರು ಕಂಡರಾಗದ ಕಾಲದಲ್ಲೂ ಕಳೆದುಹೋದವರನ್ನು ಹುಡುಕೋಕೆ ಅವರು ಕೈ ಜೋಡಿಸಿದರು. ಇವತ್ತು ಭಾರತವೂ ಅದರಲ್ಲಿದೆ. ನಮ್ಮ ದೇಶದ ನಿಯಂತ್ರಣ ಕೇಂದ್ರ ಇರೋದು ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಕ್ವೀನ್ಸ್‌ಟೌನಿನಲ್ಲಿ ಬೀಕನ್ ಬಾಡಿಗೆಗೂ ಸಿಗುತ್ತೆ. ನಾವೂ ಒಂದು ತಂದಿದ್ದೆವು.

ಇಷ್ಟೆಲ್ಲ ಇದ್ದರೂ, ಮೊದಲನೇ ಕೊಂಡಿ ಮನೆಯವರದೇ. "ಇವನು ಇಷ್ಟು ಹೊತ್ತಿಗೆ ಫೋನ್ ಮಾಡಬೇಕಿತ್ತು" ಅಂತ ಒಬ್ಬರಿಗೆ ಅನ್ನಿಸದಿದ್ದರೆ ಹೆಲಿಕಾಪ್ಟರೂ ಏಳಲ್ಲ, ನೋಟಿಸೂ ಹೊರಡಲ್ಲ. ಬೆಟ್ಟ ಹತ್ತುವವರಿಗೆ ಮಾತ್ರ ಹೇಳ್ತಿಲ್ಲ. ತೋಟದಿಂದ ತೋಟಕ್ಕೆ ಹಣ್ಣು ಕೀಳೋಕೆ ಹೋಗುವವರು, ಡೈರಿ ಫಾರ್ಮಿನಲ್ಲಿ ಒಬ್ಬರೇ ಇರುವವರು, ರಾತ್ರಿ ಟ್ರಕ್ ಓಡಿಸುವವರು, ಎಲ್ಲರಿಗೂ ಇದೇ ಮಾತು. ಇವತ್ತೇ ಮನೆಗೆ ಇಷ್ಟು ಕಳಿಸಿ: ಈಗಿನ ವಿಳಾಸ, ಕೆಲಸದ ಜಾಗ, ಜೊತೆಗಿರುವ ಒಬ್ಬರ ನಂಬರ್, ಪಾಸ್‌ಪೋರ್ಟಿನ ಫೋಟೋ. ಮನೆ ಬದಲಾದ ದಿನವೇ ಅದನ್ನೂ ಬದಲಾಯಿಸಿ.

ಹಾಸನದ ನಮ್ಮ ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಹಿಂದೆ ಈಗ ಅಣ್ಣ ಅದನ್ನೆಲ್ಲ ಬರೆದು ಅಂಟಿಸಿದ್ದಾನೆ. ಆ ದಿನ ಹೊರಡುವ ಮುಂಚೆ ನಾನು ಅವನಿಗೆ ದಾರಿಯ ಹೆಸರು, ಕಾರಿನ ನಂಬರ್ ಕಳಿಸಿದ್ದೆ. ನಮ್ಮ ರಾತ್ರಿ ಎಂಟರೊಳಗೆ ಮೆಸೇಜ್ ಬರದಿದ್ದರೆ ಮ್ಯಾನೇಜರಿಗೆ ಫೋನ್ ಮಾಡು ಅಂತಲೂ ಹೇಳಿದ್ದೆ.

ಗ್ಲೆನಾರ್ಕಿಗೆ ವಾಪಸ್ ಬಂದಾಗ ಏಳು ಗಂಟೆ. ಇಲ್ಲಿ ಇನ್ನೂ ಬಿಸಿಲು, ಊರಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಸಿಗ್ನಲ್ ಬಂದ ಕೂಡಲೇ "ಬಂದ್ವಿ" ಅಂತ ಕಳಿಸಿದೆ. ಅಮ್ಮನೇ ಫೋನ್ ಮಾಡಿದ್ರು.

"ಬಂದ್ಯಾ? ಸರಿ, ಏನಾದ್ರೂ ತಿನ್ನು."