ಹಸಿರಿನ ಅಡಿಯ ಹೊನ್ನು

ನಮ್ಮ ಧರ್ಮಾಧ್ಯಕ್ಷರ ನಿವಾಸದ ಅಂಗಳದಲ್ಲಿ ಬಹುಕಾಲ ಒಂದು ಬಿಳಿಯ ಅಂಬಾಸಡರ್ ಕಾರು ನಿಂತಿರುತ್ತಿತ್ತು. ಗುರುಮಠದ ವಿದ್ಯಾರ್ಥಿಗಳಾಗಿದ್ದ ನಾವು ಅದನ್ನು ಅಪ್ಪಟ ಭಾರತೀಯ ಕಾರೆಂದೇ ನಂಬಿದ್ದೆವು. 1957ರಿಂದ 2014ರವರೆಗೆ ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ತಯಾರಾದ ಆ ಕಾರಿನ ಮೂಲರೂಪ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬುದು ನನಗೆ ತಿಳಿದದ್ದು ಆ ಮೂಲದ ಊರಿಗೇ ಹೋದ ಮೇಲೆ. 2014ರಿಂದ ಮೂರು ವರ್ಷಗಳ ಕಾಲ ನಾನು ಆಕ್ಸ್‌ಫರ್ಡ್ ನಗರದ ಸಮೀಪದ ಒಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದೆ. ಮಾರಿಸ್ ಕಾರುಗಳ ತವರಾದ ಕೌಲಿ ಅಲ್ಲಿಂದ ದೂರವಿಲ್ಲ. ನನಗೆ ಮರೆಯಲಾಗದ ಪಾಠವೊಂದು ದೊರೆತದ್ದು ಅಲ್ಲಿನ ಒಬ್ಬ ಭಕ್ತರ ಕಾರಿನ ಕೊಟ್ಟಿಗೆಯಲ್ಲಿ. ಇದು ಪಾಪನಿವೇದನೆಯಲ್ಲಿ ಕೇಳಿದ ಸಂಗತಿಯಲ್ಲ. ಅವರ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ.

ಅವರು ಅರುವತ್ತು ದಾಟಿದ ವಿಧುರರು. ಭಾನುವಾರದ ಬಲಿಪೂಜೆಯ ಬಳಿಕ ಒಂದು ದಿನ ನನ್ನನ್ನು ಚಹಾಕ್ಕೆ ಕರೆದರು. ಮನೆಯ ಹಿಂದೆ ತಗಡಿನ ಮಾಡಿನ ಕೊಟ್ಟಿಗೆಯಲ್ಲಿ ಬೂದುಬಣ್ಣದ ಒಂದು ಮಾರಿಸ್ ಮೈನರ್ ಕಾರು. 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಮುಂದಿನ ಎರಡು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ಸುಮಾರು 16 ಲಕ್ಷದಷ್ಟು ತಯಾರಾದ, ಸಾಮಾನ್ಯ ಜನರ ಪುಟ್ಟ ಕಾರು ಅದು. ಇವರ ತಂದೆ ಅದನ್ನು 1959ರಲ್ಲಿ ಕಂತಿನ ಮೇಲೆ ಕೊಂಡಿದ್ದರು. 1989ರಲ್ಲಿ ತಂದೆ ತೀರಿಕೊಂಡಂದಿನಿಂದ ಅದು ಕೊಟ್ಟಿಗೆಯಲ್ಲೇ ಇತ್ತು. ನಿವೃತ್ತಿಯಾದ ಮೇಲೆ ಅದನ್ನು ಹೊಸದಾಗಿದ್ದ ಸ್ಥಿತಿಗೆ ತರಬೇಕೆಂದು ಇವರು ಸಂಕಲ್ಪಿಸಿದ್ದರು. ಹೊರಮೈಯ ಬೂದುಬಣ್ಣ ಕಂಪೆನಿಯ ಪಟ್ಟಿಯಲ್ಲಿ ಸುಲಭವಾಗಿ ಸಿಕ್ಕಿತು. ಸಿಗದೆ ಉಳಿದದ್ದು ಎಂಜಿನ್ನಿನ ಬಣ್ಣ.

"ಬಾನೆಟ್ಟಿನ ಒಳಗಿರುವ ಎಂಜಿನ್ನಿನ ಬಣ್ಣವನ್ನು ಯಾರು ನೋಡುತ್ತಾರೆ?" ಎಂದು ನಾನು ಕೇಳಿದೆ.

"ಬಲಿಪೀಠದ ಹಿಂಬದಿಯನ್ನು ಯಾರು ನೋಡುತ್ತಾರೆ ಫಾದರ್? ಆದರೂ ಅಲ್ಲಿ ಧೂಳು ಒರೆಸುತ್ತೀರಲ್ಲ?" ಎಂದರು. ನಾನು ಮಾತಿಲ್ಲದೆ ಚಹಾ ಕುಡಿದೆ.

ಹಳೆಯ ಎಂಜಿನ್ನಿನ ಮೂಲ ಬಣ್ಣವನ್ನು ಪತ್ತೆಹಚ್ಚುವುದು ಸುಲಭವಲ್ಲವೆಂಬುದು ಆಮೇಲಿನ ತಿಂಗಳುಗಳಲ್ಲಿ ನನಗೂ ಅರಿವಾಯಿತು. ಹಳೆಯ ಛಾಯಾಚಿತ್ರಗಳನ್ನು ನಂಬುವಂತಿಲ್ಲ. ಬಣ್ಣದ ಚಿತ್ರಗಳು ತಾವೇ ಕಾಲಕ್ರಮದಲ್ಲಿ ಮಾಸಿರುತ್ತವೆ. ಕಣ್ಣಿಗೆ ಕಾಣುವ ಬಣ್ಣವನ್ನೂ ನಂಬುವಂತಿಲ್ಲ; ಹೊಗೆ ಹೋಗುವ ಕೊಳವೆಯ ಕಡೆ ಶಾಖಕ್ಕೆ ಅದು ಕಂದಿರುತ್ತದೆ, ಉಳಿದೆಡೆ ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಆದ್ದರಿಂದ ಬೆಳಕು, ಶಾಖ, ಎಣ್ಣೆ ಯಾವುದೂ ತಲುಪದ ಮರೆಯ ಜಾಗವನ್ನು ಹುಡುಕಬೇಕು. ಎಂಜಿನ್ ಸಂಖ್ಯೆಯ ಫಲಕದ ಅಡಿ, ಡೈನಮೋವನ್ನು ಹಿಡಿದಿರುವ ಕಬ್ಬಿಣದ ಹಿಂಬದಿ ಅಂತಹ ಜಾಗಗಳು. ಅಲ್ಲಿಯ ಗ್ರೀಸನ್ನು ಮೆಲ್ಲಗೆ ಕರಗಿಸಿ ಒರೆಸಬೇಕು. ಬಳಿಕ ನಯವಾದ ಎಮರಿ ಕಾಗದದಿಂದ ನಾಣ್ಯದಗಲ ಜಾಗವನ್ನು ಉಜ್ಜುತ್ತ ಹೋದರೆ ಒಂದರ ಕೆಳಗೊಂದು ಪದರ ಉಂಗುರಗಳಂತೆ ಗೋಚರಿಸುತ್ತದೆ. ಅವಸರಪಟ್ಟರೆ ಬರಿಯ ಕಬ್ಬಿಣ ಸಿಗುತ್ತದೆ, ಸತ್ಯ ಸಿಗುವುದಿಲ್ಲ. ಸಿಕ್ಕ ಬಣ್ಣವನ್ನು ಕೊಟ್ಟಿಗೆಯ ದೀಪದಲ್ಲಲ್ಲ, ಹಗಲಿನ ಬೆಳಕಿನಲ್ಲಿ ಬಣ್ಣದ ಪಟ್ಟಿಗಳೊಡನೆ ಹೋಲಿಸಬೇಕು.

ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು 1952ರಲ್ಲಿ ಒಂದಾಗಿ ಬಿ.ಎಂ.ಸಿ. ಎನಿಸಿದ ಮೇಲೆ ಈ ಪುಟ್ಟ ಕಾರಿಗೆ ಆಸ್ಟಿನ್ ಮೂಲದ ಎಂಜಿನ್ ಬಂದಿತು. 1959ರ ಕಾರಿನಲ್ಲಿರಬೇಕಾದದ್ದು 948 ಸಿ.ಸಿ.ಯ ಎಂಜಿನ್, ಅದರ ಬಣ್ಣ ಹಸಿರು. ಇವರ ಕಾರಿನ ಎಂಜಿನ್ನೂ ಹಸಿರಾಗಿಯೇ ಇತ್ತು. ಆದರೆ ಆ ಹಸಿರು ಯಾವ ಪಟ್ಟಿಗೂ, ಬೇರೆಯವರ ಯಾವ ಕಾರಿಗೂ ಹೊಂದಲಿಲ್ಲ. ಗಾಢವಾದ, ಪಾಚಿಯಂತಹ ಹಸಿರು. ಕಾರ್ಖಾನೆಯ ಬಣ್ಣದಲ್ಲೂ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತಿತ್ತೆಂದು ತಿಳಿದವರು ಹೇಳಿದರಾದರೂ ಇಷ್ಟೊಂದು ವ್ಯತ್ಯಾಸವನ್ನು ಯಾರೂ ಒಪ್ಪಲಿಲ್ಲ.

2016ರ ತಪಸ್ಸುಕಾಲದ ಒಂದು ಸಂಜೆ ಅವರು ನನ್ನನ್ನು ಕರೆಸಿದರು. ಡೈನಮೋವನ್ನು ಬಿಚ್ಚಿ ಕೆಳಗಿಟ್ಟಿದ್ದರು. ಅದರ ಹಿಂಬದಿಯಲ್ಲಿ ಮರೆಯಾಗಿದ್ದ ಅಂಗೈಯಗಲದ ಜಾಗದಲ್ಲಿ ಹಸಿರೇ ಇರಲಿಲ್ಲ. ಅಲ್ಲಿ ಮಿನುಗುತ್ತಿದ್ದುದು ಹೊನ್ನಿನ ಬಣ್ಣ.

ನನಗೆ ಸಂತೋಷವಾಯಿತು, ಅವರ ಮುಖ ಬಾಡಿತ್ತು. ಆಗ ಅವರು ವಿವರಿಸಿದರು. ಆ ದಿನಗಳಲ್ಲಿ ಕೆಟ್ಟುಹೋದ ಎಂಜಿನ್ನನ್ನು ಕೊಟ್ಟು, ಕಾರ್ಖಾನೆಯಲ್ಲಿಯೇ ಬಿಚ್ಚಿ ಸರಿಪಡಿಸಿದ ಬೇರೊಂದು ಎಂಜಿನ್ನನ್ನು ಬದಲಿಗೆ ಪಡೆಯುವ ವ್ಯವಸ್ಥೆ ಇತ್ತು. ಅದನ್ನು 'ಗೋಲ್ಡ್ ಸೀಲ್' ಎನ್ನುತ್ತಿದ್ದರು. ಗುರುತಿಗಾಗಿ ಅಂತಹ ಎಂಜಿನ್ನುಗಳಿಗೆ ಹೊನ್ನಿನ ಬಣ್ಣವನ್ನೇ ಬಳಿಯುತ್ತಿದ್ದರು. ಎಂದರೆ ಇದು ತಂದೆ ಕೊಂಡ ಕಾರಿನ ಮೂಲ ಎಂಜಿನ್ ಅಲ್ಲ.

"ಹಾಗಾದರೆ ಯಾರೋ ಇದನ್ನು ಹಸಿರಿನಿಂದ ಮುಚ್ಚಿ ನಿಮ್ಮ ತಂದೆಗೆ ಮೋಸ ಮಾಡಿದ್ದಾರೆ" ಎಂದುಬಿಟ್ಟೆ. ಮುಚ್ಚಿದ್ದೆಲ್ಲ ಮೋಸವೇ ಎಂದು ತೀರ್ಪು ಕೊಡಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಅವರು ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬದಿಂದ ಕಾರಿನ ಹಳೆಯ ನೋಂದಣಿ ಪುಸ್ತಕವನ್ನು ಹುಡುಕಿ ತೆಗೆದರು. ಎಂಜಿನ್ನಿನ ಮೊದಲ ಸಂಖ್ಯೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಎರಡನೆಯ ಸಂಖ್ಯೆಯನ್ನು ಬರೆಯಲಾಗಿತ್ತು. ವರ್ಷ 1966. ಮೋಸವೇನೂ ನಡೆದಿರಲಿಲ್ಲ. ತಂದೆ ತಿಳಿದೇ ಎಂಜಿನ್ ಬದಲಿಸಿದ್ದರು, ಕಾನೂನಿನಂತೆ ದಾಖಲೆಯನ್ನೂ ಮಾಡಿಸಿದ್ದರು. ಹಾಗಾದರೆ ಹೊನ್ನಿನ ಬಣ್ಣವನ್ನು ಮುಚ್ಚಿದವರು ಯಾರು?

ಉತ್ತರ ಕೆಲವು ದಿನಗಳ ಬಳಿಕ ಮನೆಯ ಮುಂದಿನ ಗೇಟಿನಲ್ಲಿ ದೊರೆಯಿತು. ಅದರ ತುಕ್ಕುಹಿಡಿದ ಕೀಲನ್ನು ಬದಲಿಸಲು ಬಿಚ್ಚಿದಾಗ ಕೀಲಿನ ಅಡಿಯಲ್ಲಿ ಹಳೆಯ ಬಣ್ಣದ ಪದರ ಕಂಡಿತು. ಅದೇ ಗಾಢ ಹಸಿರು! ತಂದೆ ಗೇಟಿಗೆ ಬಳಿದು ಉಳಿದ ಬಣ್ಣವನ್ನು ಕುಂಚದಿಂದ ಎಂಜಿನ್ನಿಗೆ ಬಳಿದಿದ್ದರು. ಡೈನಮೋ ಬಿಚ್ಚಿರಲಿಲ್ಲವಾದ್ದರಿಂದ ಅದರ ಹಿಂದಿನ ಜಾಗಕ್ಕೆ ಕುಂಚ ತಲುಪಿರಲಿಲ್ಲ.

1966 ಎಂಬ ವರ್ಷ ಅವರನ್ನು ಬೇರೊಂದು ಕಾರಣಕ್ಕಾಗಿ ಕಾಡಿತು. ಅವರ ಅಣ್ಣ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಕೆನಡಾಕ್ಕೆ ಹೋದದ್ದು ಅದೇ ವರ್ಷ. ಕಾರಣವನ್ನು ಯಾರೂ ಹೇಳಿರಲಿಲ್ಲ. ತಂದೆಯ ಅಂತ್ಯಕ್ರಿಯೆಗೂ ಅಣ್ಣ ಬರಲಿಲ್ಲ. ಆಮೇಲೆ ಕಾಗದವೂ ಇಲ್ಲ, ಮಾತೂ ಇಲ್ಲ. "ದುಂದುಗಾರ ಮಗನ ಸಾಮತಿಯನ್ನು ನೀವು ಓದುವಾಗಲೆಲ್ಲ ನಾನು ಮನೆಯಲ್ಲೇ ಉಳಿದ ಮಗನ ಪಕ್ಷ ಫಾದರ್" ಎಂದು ಅವರು ಹಿಂದೊಮ್ಮೆ ನಗುತ್ತ ಹೇಳಿದ್ದರು. ಅದು ಬರಿಯ ನಗುವಲ್ಲವೆಂದು ನನಗೆ ಆಗ ಹೊಳೆದಿರಲಿಲ್ಲ.

ಪಾಸ್ಖ ಹಬ್ಬದ ವಾರ ಅವರು ಅಣ್ಣನಿಗೆ ದೂರವಾಣಿ ಮಾಡಿದರು. ಇಪ್ಪತ್ತೇಳು ವರ್ಷಗಳ ನಂತರದ ಮೊದಲ ಪ್ರಶ್ನೆ, "ನಮ್ಮ ಅಪ್ಪನ ಕಾರಿನ ಎಂಜಿನ್ನಿಗೆ ಏನಾಗಿತ್ತು?" ಎಂಬುದಾಗಿತ್ತು.

ಅಣ್ಣ ಎಲ್ಲವನ್ನೂ ಹೇಳಿದರು. ಒಂದು ರಾತ್ರಿ ತಂದೆಯನ್ನು ಕೇಳದೆ ಕಾರು ತೆಗೆದುಕೊಂಡು ಸ್ನೇಹಿತರೊಡನೆ ದೂರ ಹೋಗಿದ್ದರು. ಎಣ್ಣೆ ತೀರಿದ ಎಚ್ಚರಿಕೆಯ ದೀಪ ಹತ್ತಿದರೂ ಲೆಕ್ಕಿಸದೆ ಓಡಿಸಿದರು. ಎಂಜಿನ್ ಕಚ್ಚಿಕೊಂಡು ನಿಂತುಹೋಯಿತು. ತಂದೆ ಗದರಲಿಲ್ಲ, ಹೊಡೆಯಲಿಲ್ಲ. ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ಬೇರೆ ಎಂಜಿನ್ ತಂದರು. ಆದರೆ ಮಗನೊಡನೆ ಆ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ಮಗ ಕೋಪವೆಂದು ತಿಳಿದ. ಆ ಮನೆಯಲ್ಲಿ ತನಗೆ ಕ್ಷಮೆ ಇಲ್ಲವೆಂದು ಭಾವಿಸಿ ಹೊರಟುಹೋದ.

ತಮ್ಮ ಆಗ ಗೇಟಿನ ಬಣ್ಣದ ಸಂಗತಿ ತಿಳಿಸಿದರು. ನೆರೆಯವರಲ್ಲಿ ಯಾರಾದರೂ ಬಾನೆಟ್ ತೆರೆದಾಗ ಹೊನ್ನಿನ ಬಣ್ಣ ಕಂಡರೆ ಎಂಜಿನ್ ಏಕೆ ಬದಲಾಯಿತೆಂದು ಕೇಳುತ್ತಿದ್ದರು. ಮಗನ ಹೆಸರು ಹೇಳಬೇಕಾಗುತ್ತಿತ್ತು. ಅದಕ್ಕಾಗಿ ತಂದೆ ಅದನ್ನು ತಮ್ಮ ಕೈಯಾರೆ ಮುಚ್ಚಿದ್ದರು. ಸಾಯುವವರೆಗೂ, ಮನೆಯಲ್ಲೇ ಇದ್ದ ಕಿರಿಯ ಮಗನಿಗೂ ಹೇಳಿರಲಿಲ್ಲ. ದೂರವಾಣಿಯ ಆ ತುದಿಯಲ್ಲಿ ಬಹಳ ಹೊತ್ತು ಶಬ್ದವೇ ಇರಲಿಲ್ಲವಂತೆ.

ಪ್ರಿಯ ಓದುಗರೇ, ಈ ತಂದೆಯ ಬಗ್ಗೆ ನಾನು ಅನೇಕ ರಾತ್ರಿ ಯೋಚಿಸಿದ್ದೇನೆ. ಪ್ರೀತಿಯು ಪಾಪಗಳನ್ನು ಮುಚ್ಚುತ್ತದೆಂದು ಸಂತ ಪೇತ್ರರು ತಮ್ಮ ಪತ್ರದಲ್ಲಿ ತಿಳಿಸಿದ್ದಾರೆ. ಆತ ಅಕ್ಷರಶಃ ಹಾಗೆಯೇ ನಡೆದುಕೊಂಡರು. ಅವರನ್ನು ಹಗುರವಾಗಿ ತೂಗಲು ನನಗೆ ಅಧಿಕಾರವಿಲ್ಲ. ಆದರೂ ಅವರ ಕ್ಷಮೆ ಊರವರ ಕಣ್ಣಿನಿಂದ ಮಗನನ್ನು ಕಾಪಾಡಿತೇ ಹೊರತು ಮಗನ ಕಿವಿಗೆ ತಲುಪಲಿಲ್ಲ. ಅವರು ಕುಂಚದಿಂದ ಕ್ಷಮಿಸಿದರು, ಬಾಯಿಂದ ಕ್ಷಮಿಸಲಿಲ್ಲ. ಆ ಒಂದು ಮಾತಿನ ಕೊರತೆಯಿಂದ ಒಬ್ಬ ಮಗ ತಾನು ಕ್ಷಮೆಗೆ ಎರವಾದವನೆಂದು, ಇನ್ನೊಬ್ಬ ಮಗ ಅಣ್ಣನು ಕೃತಘ್ನನೆಂದು ನಂಬಿ ಅರ್ಧ ಶತಮಾನ ಬದುಕಿದರು.

ಸಾಮತಿಯ ತಂದೆಯನ್ನು ನೆನೆಯಿರಿ. ಆತ ಮನದೊಳಗೆ ಕ್ಷಮಿಸಿ ಸುಮ್ಮನೆ ಕುಳಿತಿರಲಿಲ್ಲ. ಎಲ್ಲರ ಎದುರಿಗೆ ಓಡಿಹೋಗಿ ಮಗನನ್ನು ಅಪ್ಪಿಕೊಂಡ, ಉಡುಪು ತೊಡಿಸಿದ, ಉಂಗುರ ಇಟ್ಟ, ಔತಣ ಮಾಡಿಸಿದ. ಕ್ಷಮೆ ದೊರೆತಿದೆಯೇ ಇಲ್ಲವೇ ಎಂದು ಮಗ ಊಹಿಸಬೇಕಾದ ಪ್ರಮೇಯವೇ ಬರಲಿಲ್ಲ. ಪಾಪನಿವೇದನೆಯ ಸಂಸ್ಕಾರದಲ್ಲಿಯೂ ಯಾಜಕನು ಕ್ಷಮಾಪಣೆಯ ಮಾತನ್ನು ಬಾಯಿಬಿಟ್ಟು ಉಚ್ಚರಿಸಬೇಕೆಂಬುದು ಧರ್ಮಸಭೆಯ ವಿಧಿ. ದೇವರು ಕ್ಷಮಿಸಲು ನನ್ನ ದನಿಗಾಗಿ ಕಾದಿದ್ದಾರೆಯೇ ಎಂದು ಗುರುಮಠದಲ್ಲಿ ನಾನು ತರ್ಕಿಸಿದ್ದುಂಟು. ಆ ಕೊಟ್ಟಿಗೆಯಲ್ಲಿ ನಿಂತಾಗ ವಿಧಿಯ ಅರ್ಥ ತಿಳಿಯಿತು. ಕಿವಿಯಲ್ಲಿ ಕೇಳಿಸಿಕೊಳ್ಳುವ ಅಗತ್ಯವಿರುವುದು ದೇವರಿಗಲ್ಲ, ಮನುಷ್ಯನಿಗೆ.

ನಮ್ಮ ಕುಟುಂಬಗಳಲ್ಲಿ ಅಪ್ಪಂದಿರು ಹೆಚ್ಚು ಮಾತನಾಡುವುದಿಲ್ಲ. ತಪ್ಪು ಮಾಡಿದ ಮಗನ ಸಾಲವನ್ನು ಸದ್ದಿಲ್ಲದೆ ತೀರಿಸುತ್ತಾರೆ, ತಟ್ಟೆಗೆ ಮೀನಿನ ದೊಡ್ಡ ತುಂಡನ್ನು ಬಡಿಸಲು ಹೇಳುತ್ತಾರೆ, ಎದ್ದು ಹೋಗುತ್ತಾರೆ. ಅದು ಕ್ಷಮೆಯೇ, ಸಂದೇಹವಿಲ್ಲ. ಆದರೆ ಅದನ್ನು ಅರಿಯಲು ಮಗ ಐವತ್ತು ವರ್ಷ ಕಾಯಬೇಕಾಗಬಹುದು. "ಹೋಗಲಿ ಬಿಡು ಮಗಾ, ಅದು ಮುಗಿಯಿತು" ಎಂಬ ಒಂದು ಮಾತಿಗೆ ಖರ್ಚೇನೂ ಇಲ್ಲ.

ಇನ್ನು ಬಣ್ಣದ ವಿಷಯ. ಕಾರಿಗೆ ಸರಿಯಾದದ್ದು ಕಾರ್ಖಾನೆಯ ಹಸಿರು. ಈ ಎಂಜಿನ್ನಿಗೆ ಸರಿಯಾದದ್ದು ಹೊನ್ನು. ತಂದೆ ಬಯಸಿದ್ದು ಗೇಟಿನ ಹಸಿರು. ಯಾವುದು ಮೂಲ? ಅವರು ನನ್ನನ್ನು ಕೇಳಿದರು. ಹಿಂದೊಮ್ಮೆ ಅವಸರದಲ್ಲಿ ತೀರ್ಪು ಕೊಟ್ಟಿದ್ದ ನಾನು ಈ ಸಲ, "ನಿಮ್ಮ ಅಣ್ಣನನ್ನು ಕೇಳಿ" ಎಂದೆ. ಅಣ್ಣ ಬರುವವರೆಗೆ ಎಂಜಿನ್ನಿಗೆ ಬಣ್ಣ ಹಚ್ಚುವುದಿಲ್ಲವೆಂದು ಅವರು ನಿಶ್ಚಯಿಸಿದರು.

ಅಷ್ಟರಲ್ಲಿ ನನ್ನ ಅವಧಿ ಮುಗಿದು ಸ್ವದೇಶಕ್ಕೆ ಮರಳಿದೆ. 2017ರ ಕೊನೆಯಲ್ಲಿ ಒಂದು ಛಾಯಾಚಿತ್ರ ಬಂತು. ಬಾನೆಟ್ ತೆರೆದ ಕಾರಿನ ಎರಡೂ ಬದಿಗೆ ಇಬ್ಬರು ಮುದುಕರು, ಇಬ್ಬರ ತೋಳಿಗೂ ಬಣ್ಣ ಮೆತ್ತಿದೆ. ಎಂಜಿನ್ ಅಡಿಯಿಂದ ಮುಡಿಯವರೆಗೆ ಹೊನ್ನಿನ ಬಣ್ಣದ್ದು. ಅದು ಅಣ್ಣನ ಆಯ್ಕೆಯಂತೆ: "ಯಾರಾದರೂ ಕೇಳಲಿ, ನಾನೇ ಹೇಳುತ್ತೇನೆ." ಆದರೆ ಡೈನಮೋದ ಹಿಂದೆ, ಅಂಗೈಯಗಲದ ಆ ಜಾಗದಲ್ಲಿ, ಈಗ ಗೇಟಿನ ಗಾಢ ಹಸಿರನ್ನು ಬಳಿದಿದ್ದಾರೆಂದು ತಮ್ಮ ಬರೆದಿದ್ದರು. ಅದು ಚಿತ್ರದಲ್ಲಿ ಕಾಣುವುದಿಲ್ಲ.