ಆಪರೇಷನ್ ಯಾರಿಗೆ?

ದೀಪಾವಳಿಗೆ ಊರಿಗೆ ಹೋದಾಗ ಮೂಡಬಿದ್ರೆಯ ಅಕ್ಕನ ಮನೆಯಲ್ಲಿ ಒಂದೇ ಮಾತು. ಎರಡನೇ ಮಗುವಿಗೆ ಎಂಟು ತಿಂಗಳಾಯ್ತು, ಇನ್ನು ಆಪರೇಷನ್ ಮಾಡಿಸಿಬಿಡುವ ಅಂತ. ಯಾರಿಗೆ ಅಂತ ಯಾರೂ ಕೇಳ್ಲಿಲ್ಲ.

ಅಕ್ಕನಿಗೆ ಹೆದರಿಕೆ. ಎರಡೂ ನಾರ್ಮಲ್ ಹೆರಿಗೆ, ಹೊಟ್ಟೆಗೆ ಇದುವರೆಗೆ ಕತ್ತರಿ ಬಿದ್ದಿಲ್ಲ. ಬೆಂಗಳೂರಿನ ತಂಗಿ ನಾನು, ಮೊಬೈಲ್ ತೆಗೆದೆ. ಎಶ್ಯೂರ್ ಅಂತ ಒಂದು ಸಿಕ್ಕಿತು. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಪಡೆದದ್ದು. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಕ್ಲಿನಿಕ್ಕಿನಲ್ಲೇ, ಗರ್ಭಕೋಶದ ದಾರಿಯಿಂದ ಎರಡೂ ನಾಳದೊಳಗೆ ಸಣ್ಣ ಲೋಹದ ಸುರುಳಿ ಇಡುವುದು. "ಇದೇ ಆಗ್ಲಿ ಮಾರಾಯ್ತಿ" ಅಂದಳು ಅಕ್ಕ.

ಮುಂದೆ ಓದಿದೆ. ಸುರುಳಿಯ ಸುತ್ತ ಅಂಗಾಂಶ ಬೆಳೆದು ನಾಳ ಮುಚ್ಚಲಿಕ್ಕೆ ಮೂರು ತಿಂಗಳು. ಅಲ್ಲಿವರೆಗೆ ಬೇರೆ ಗರ್ಭನಿರೋಧಕ, ಆಮೇಲೆ ಮುಚ್ಚಿದೆಯಾ ಅಂತ ಪರೀಕ್ಷೆ. ಆದರೂ ಗರ್ಭ ನಿಂತದ್ದುಂಟು. ಹೊಟ್ಟೆನೋವು, ರಕ್ತಸ್ರಾವ, ಸುರುಳಿ ಜಾರಿದ್ದು ಅಂತ ಸಾವಿರಾರು ಹೆಂಗಸರ ದೂರು. 2018ರ ಕೊನೆಗೆ ಅಲ್ಲೂ ಮಾರಾಟ ನಿಂತಿತು.

ಮರುದಿನ ಬೆಳ್ತಂಗಡಿಯ ಅಮ್ಮನ ಮನೆಗೆ ಹೊರಟವರು ದಾರಿಯಲ್ಲಿ ಪರಿಚಯದ ಡಾಕ್ಟರಮ್ಮನನ್ನು ಕಂಡೆವು. "ಅದೆಲ್ಲ ಈಗ ಇಲ್ಲ. ಲ್ಯಾಪ್ರೋಸ್ಕೋಪಿ ಉಂಟು" ಅಂದ್ರು.

"ನೂರಕ್ಕೆ ನೂರು ಗ್ಯಾರಂಟಿಯಾ ಡಾಕ್ಟ್ರೇ?"

"ಯಾವುದೂ ಅಲ್ಲ. ಅಪರೂಪಕ್ಕೆ ಫೇಲ್ ಆಗ್ತದೆ." ಆಮೇಲೆ ಭಾವನ ಕಡೆ ತಿರುಗಿದರು. "ಹೊಟ್ಟೆ ತೆರೆಯದೆ, ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ, ಅದೇ ದಿನ ಮನೆಗೆ ಕಳಿಸುವ ಆಪರೇಷನ್ ಉಂಟು. ಅದು ನಿಮಗೆ. ಮೂರು ತಿಂಗಳು ಕಾದು ವೀರ್ಯ ಪರೀಕ್ಷೆ ಮಾಡಿಸಿದ್ರಾಯ್ತು."

ಭಾವ ನೆಲ ನೋಡಿದರು. "ತೋಟದ ಕೆಲಸ ಉಂಟಲ್ಲ."

ನಾನೂ ನೆಲ ನೋಡಿದೆ. ಇಡೀ ರಾತ್ರಿ ಅಕ್ಕನ ಮೈಗೆ ಸುಲಭದ ದಾರಿ ಹುಡುಕಿದವಳಿಗೆ ಭಾವನ ನೆನಪೇ ಆಗಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಆಪರೇಷನ್ ಆದ ವಿವಾಹಿತ ಹೆಂಗಸರು ನೂರಕ್ಕೆ ಸುಮಾರು 38. ಗಂಡನಿಗೆ ಆದದ್ದು 0.3.

ರಾತ್ರಿ ಬಡಿಸುತ್ತಾ ಅಮ್ಮ ಯಾರನ್ನೂ ನೋಡದೆ ಹೇಳಿದರು: "ನನ್ನದಾಗಿ ಎಂಟು ದಿನಕ್ಕೆ ನಾನು ಹಟ್ಟಿಗಿಳಿದಿದ್ದೆ. ಆಗ ಕೆಲಸ ಉಂಟು ಅಂತ ನನಗೆ ಹೇಳ್ಲಿಕ್ಕೆ ಗೊತ್ತಿರ್ಲಿಲ್ಲ."

ಭಾವ ಇನ್ನೂ ಯೋಚಿಸ್ತಿದ್ದಾರೆ. "ಅವರು ಯೋಚಿಸುವಷ್ಟು ದಿನ ನಾನೂ ಯೋಚಿಸ್ತೇನೆ" ಅಂತಾಳೆ ಅಕ್ಕ. ಮೂಡಬಿದ್ರೆಯ ಮೆಡಿಕಲ್‌ನಲ್ಲಿ ಎಲ್ಲ ಪರಿಚಯದವರು ಅಂತ ಭಾವ ನಿರೋಧ್ ತರಲು ಕಾರ್ಕಳಕ್ಕೆ ಹೋಗ್ತಾರಂತೆ.